ಚಿತ್ರದ ಹಿಂದೆ ಬರೆದ ಹೆಸರು



ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ರಾಜ್ಯವಿದೆ. ಅದೇ ಹೆಸರಿನ ರಾಜಧಾನಿಗೂ ಇದಕ್ಕೂ ಒಂದು ಖಂಡದಷ್ಟು ದೂರ. ಈ ರಾಜ್ಯದ ದೊಡ್ಡ ನಗರ ಸಿಯಾಟಲ್. ಅಲ್ಲಿಂದ ಪೂರ್ವಕ್ಕೆ ಸುಮಾರು 45 ಕಿಲೋಮೀಟರ್ ಹೋದರೆ ಬೆಟ್ಟಗಳ ಬುಡದಲ್ಲಿ ಸ್ನೋಕ್ವಾಲ್ಮಿ ಎಂಬ ಊರು ಸಿಗುತ್ತದೆ. ನಾನು ಇರುವುದು ಅಲ್ಲಿ. ಜನಸಂಖ್ಯೆ 14,000ದ ಆಸುಪಾಸು. ಊರ ಪಕ್ಕದಲ್ಲೇ 268 ಅಡಿಯ ಜಲಪಾತ. ಜೋಗ ನೋಡಿದವರಿಗೆ ಅದು ಚಿಕ್ಕದು, ಆದರೂ ವರ್ಷವಿಡೀ ಜನ ಬರುತ್ತಾರೆ. ಬಂದವರೆಲ್ಲರ ಕೈಯಲ್ಲೂ ಕ್ಯಾಮೆರಾ ಇಲ್ಲವೇ ಮೊಬೈಲು. ಜಲಪಾತದ ಫೋಟೋ ತೆಗೆದುಕೊಂಡು ಬಂದ ದಾರಿಯಲ್ಲೇ ಹೊರಟುಬಿಡುತ್ತಾರೆ. ಸ್ವಲ್ಪ ಆಚೆಗಿರುವ ಪೇಟೆಬೀದಿ, 1890ರಲ್ಲಿ ಕಟ್ಟಿದ ಮರದ ರೈಲು ನಿಲ್ದಾಣ, ಅದರ ಸೂರಿನ ಕೆಳಗೆ ಮಳೆ ನಿಲ್ಲಲೆಂದು ಕುಳಿತ ಒಬ್ಬ ಹಿರಿಯರು, ಇವರ ಕಡೆ ಕ್ಯಾಮೆರಾ ತಿರುಗುವುದು ಅಪರೂಪ. ಜಲಪಾತ ನಾಳೆಯೂ ಅಲ್ಲೇ ಇರುತ್ತದೆ. ಆ ಹಿರಿಯರು ಮಳೆ ನಿಂತೊಡನೆ ಎದ್ದು ಮನೆಗೆ ಹೋಗುತ್ತಾರೆ.

ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಅಂಥವರ ಚಿತ್ರಗಳ ಬಗ್ಗೆ. ಸಣ್ಣ ಊರು, ದಿನನಿತ್ಯದ ಬದುಕು, ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಸಂಗತಿ, ಅದನ್ನು ಹಿಡಿದಿಟ್ಟವರು, ಹಿಡಿದಿಟ್ಟಿದ್ದನ್ನು ಕಾಪಾಡಿದವರು. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು, ಮಾತಿನಲ್ಲೇ ಕಾಣಿಸಬೇಕು. ಹಾಗಾಗಿ ಕೆಲವೇ ಚಿತ್ರಗಳನ್ನು ಆರಿಸಿಕೊಂಡಿದ್ದೇನೆ.

ನಮ್ಮೂರಿಗೂ ಕ್ಯಾಮೆರಾಕ್ಕೂ ಹಳೆಯ ನಂಟು. ಡೇರಿಯಸ್ ಕಿನ್ಸಿ ಎಂಬ ತರುಣರು ಮಿಸೌರಿಯಿಂದ ಬಂದು ಮೊದಲು ನೆಲೆನಿಂತದ್ದು ಸ್ನೋಕ್ವಾಲ್ಮಿಯಲ್ಲೇ. 1890ರ ಸುಮಾರಿಗೆ ಕ್ಯಾಮೆರಾ ಹಿಡಿದವರು ಸುಮಾರು ಐವತ್ತು ವರ್ಷ ಅದನ್ನು ಕೆಳಗಿಡಲಿಲ್ಲ. ಆ ಕಾಲಕ್ಕೆ ಇಲ್ಲಿನ ಕಾಡುಗಳಲ್ಲಿ ಹಲವರು ಕೈಕೈ ಹಿಡಿದರೂ ಸುತ್ತು ಸಿಗದಂಥ ಮರಗಳಿದ್ದವು. ಅವನ್ನು ಕಡಿಯಲು ದೇಶದೇಶಗಳಿಂದ ಕೂಲಿಯವರು ಬಂದಿದ್ದರು. ಕಿನ್ಸಿ ಭಾರವಾದ ಕ್ಯಾಮೆರಾ ಹೊತ್ತುಕೊಂಡು ಅವರ ಬಿಡಾರಗಳಿಗೆ ಹೋಗುತ್ತಿದ್ದರು. ತೆಗೆದ ನೆಗೆಟಿವ್‌ಗಳನ್ನು ಮನೆಗೆ ಕಳಿಸುತ್ತಿದ್ದರು. ಅಲ್ಲಿ ಹೆಂಡತಿ ಟಾಬಿತಾ ಕತ್ತಲೆಕೋಣೆಯಲ್ಲಿ ಅವನ್ನು ತೊಳೆದು, ಪ್ರಿಂಟ್ ಹಾಕಿ, ಕಾಡಿಗೆ ವಾಪಸು ಕಳಿಸುತ್ತಿದ್ದರು. ಕೂಲಿಯವರು ಕಾಸು ಕೊಟ್ಟು ತಮ್ಮ ಚಿತ್ರ ಕೊಳ್ಳುತ್ತಿದ್ದರು. 1940ರಲ್ಲಿ ಒಂದು ಮರದ ಬೊಡ್ಡೆಯ ಮೇಲೆ ನಿಂತು ಚಿತ್ರ ತೆಗೆಯುವಾಗ ಕಿನ್ಸಿ ಬಿದ್ದರು, ಕೆಲಸ ಅಲ್ಲಿಗೆ ನಿಂತಿತು. ಬೆಲ್ಲಿಂಗ್‌ಹ್ಯಾಮ್ ಊರಿನ ವಾಟ್ಕಮ್ ಮ್ಯೂಸಿಯಂನಲ್ಲಿ ಆ ದಂಪತಿಗಳ ದುಡಿಮೆ ಇವತ್ತಿಗೂ ಇದೆ. ದಂಪತಿಗಳ ದುಡಿಮೆ ಎಂದು ಬೇಕೆಂದೇ ಹೇಳಿದೆ. ಕಾಡು ಕಾಣದೆ ಕತ್ತಲೆಕೋಣೆಯಲ್ಲೇ ರಾತ್ರಿಗಳನ್ನು ಕಳೆದ ಆ ತಾಯಿ ಇಲ್ಲದಿದ್ದರೆ ಒಬ್ಬ ಕೂಲಿಯವನ ಮುಖವೂ ನಮಗೆ ದಕ್ಕುತ್ತಿರಲಿಲ್ಲ.

ಆದರೆ ನನ್ನ ಮನಸ್ಸನ್ನು ತುಂಬಿಕೊಂಡವರು ಇನ್ನೊಬ್ಬರು. ಅವರ ಹೆಸರು ಫ್ರಾಂಕ್ ಮತ್ಸುರಾ.

1873ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. 1901ರಲ್ಲಿ ಸಿಯಾಟಲ್‌ಗೆ ಬಂದಿಳಿದರು. 1903ರಲ್ಲಿ, ಕ್ಯಾಸ್ಕೇಡ್ ಪರ್ವತಸಾಲಿನ ಆಚೆ, ಕಾಂಕನಲಿ ಎಂಬ ಪುಟ್ಟ ಊರಿನ ಹೋಟೆಲಿಗೆ ಆಳು ಬೇಕಾಗಿದೆ ಎಂದು ತಿಳಿದು ಅಲ್ಲಿಗೆ ಹೋಗಿ ಸೇರಿಕೊಂಡರು. ಅಡುಗೆಮನೆಯ ಕೆಲಸ, ಬಟ್ಟೆ ಒಗೆಯುವ ಕೆಲಸ. ಆಳು ಕೈಯಲ್ಲಿ ಕ್ಯಾಮೆರಾ ಹಿಡಿದೇ ಬಂದಿದ್ದಾನೆಂದು ಊರಿಗೆ ಗೊತ್ತಾದದ್ದು ಆಮೇಲೆ. ದಿನದ ಕೆಲಸ ಮುಗಿದ ಮೇಲೆ ಫೋಟೋ ತೆಗೆಯುವುದು, ಬಟ್ಟೆ ಒಗೆಯುವ ಕೋಣೆಯಲ್ಲೇ ಅದನ್ನು ತೊಳೆಯುವುದು. 1907ರಲ್ಲಿ ಹತ್ತಿರದ ಒಕನಾಗನ್ ಊರಿಗೆ ಹೋಗಿ ಸ್ವಂತ ಸ್ಟುಡಿಯೋ ಇಟ್ಟರು. ಆ ಊರೂ ಆಗಷ್ಟೇ ಕಣ್ಣು ಬಿಡುತ್ತಿತ್ತು. ಒಕನಾಗನ್ ಎಂಬ ಹೆಸರು ಅದಕ್ಕೆ ಬಿದ್ದದ್ದೂ ಅದೇ 1907ರಲ್ಲಿ.

ಅಲ್ಲಿಂದ ಮುಂದೆ ಆ ಊರಿನಲ್ಲಿ ಏನೇ ನಡೆದರೂ ಮತ್ಸುರಾ ಕ್ಯಾಮೆರಾ ಹಿಡಿದು ಅಲ್ಲಿರುತ್ತಿದ್ದರು. ಹೊಸ ಅಂಗಡಿ ಬಾಗಿಲು ತೆರೆದರೆ ಅಲ್ಲಿ. ನದಿಯಲ್ಲಿ ಉಗಿದೋಣಿ ಬಂದರೆ ದಡದಲ್ಲಿ. ಬೇಸ್‌ಬಾಲ್ ಆಟ ನಡೆದರೆ ಮೈದಾನದಲ್ಲಿ. ಕಾಂಕನಲಿಯ ಹತ್ತಿರ ನೀರಾವರಿಗಾಗಿ ಅಣೆಕಟ್ಟು ಏಳುವಾಗ ಅಲ್ಲಿ ದುಡಿಯುವವರ ನಡುವೆ. ಊರಿನ ಮಕ್ಕಳು, ದನ ಕಾಯುವವರು, ಹಿಮ ಬಿದ್ದ ಬೀದಿ, ಮದುವೆಯ ಜೋಡಿ, ಎಲ್ಲವೂ ಅವರ ಗಾಜಿನ ಫಲಕಗಳ ಮೇಲೆ ಇಳಿದವು. ಅಂಚೆಚೀಟಿಯಷ್ಟು ಚಿಕ್ಕ ಫೋಟೋಗಳನ್ನೂ ಮಾಡಿ ಮಾರುತ್ತಿದ್ದರು. ಕೂಲಿಗೂ ಕೈಗೆಟುಕುವ ಚಿತ್ರ ಅದು. ಗೆಳೆಯರ ಜೊತೆ ತಾವೂ ಚಿತ್ರದೊಳಗೆ ಬಂದು ನಿಂತು, ಮುಖ ಹಿಂಡಿ ಆಟವಾಡಿದ್ದೂ ಉಂಟು. ಪೌರತ್ವ ಪಡೆಯುವ ಹಕ್ಕು ಆಗ ಜಪಾನಿನಿಂದ ಬಂದವರಿಗೆ ಇರಲಿಲ್ಲ. ಕಾಗದದ ಮೇಲೆ ಆ ಊರಿನವರಾಗಲು ಸಾಧ್ಯವೇ ಇಲ್ಲದ ವ್ಯಕ್ತಿ ಆ ಊರಿನ ಪ್ರತಿ ಮನೆಯ ಗೋಡೆಯ ಮೇಲೂ ಕೆಲಸ ಮಾಡಿಟ್ಟರು.

ಒಂದು ಚಿತ್ರ ಹೇಳುತ್ತೇನೆ, ಕೇಳಿ. ಸ್ಟುಡಿಯೋದಲ್ಲಿ ಒಂದು ಒರಗುಸೋಫಾ. ಅದರ ಮೇಲೆ ಇಬ್ಬರು ಎಳೆಯ ಹೆಣ್ಣುಮಕ್ಕಳು. ಇಬ್ಬರೂ ಅಲ್ಲಿನ ಮೂಲನಿವಾಸಿಗಳು. ಉಟ್ಟಿರುವುದು ಆ ಕಾಲದ ಪಟ್ಟಣದ ಹುಡುಗಿಯರ ಉಡುಪು. ನೆಟ್ಟಗೆ ಕ್ಯಾಮೆರಾದತ್ತ ನೋಡುತ್ತಾರೆ. ಹೆದರಿಕೆ ಇಲ್ಲ, ನಾಚಿಕೆಯೂ ಅಷ್ಟಿಲ್ಲ. ಪರಿಚಯದವನೇ ಎದುರಿಗಿದ್ದಾನೆಂಬ ನೆಮ್ಮದಿ ಆ ನೋಟದಲ್ಲಿದೆ. ಮೂಲನಿವಾಸಿಗಳ ಸಂಸ್ಕೃತಿಯ ವಿದ್ವಾಂಸೆ ರೇನಾ ಗ್ರೀನ್ ಈ ಚಿತ್ರದ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದಾರೆ. ಪೇಟೆಯ ಉಡುಪಿನಲ್ಲಿ ಬಂದರೆ ಪೇಟೆಯ ಉಡುಪಿನಲ್ಲಿ, ತಮ್ಮ ಸಂಪ್ರದಾಯದ ಉಡುಪಿನಲ್ಲಿ ಬಂದರೆ ಅದರಲ್ಲಿ, ಬಂದವರನ್ನು ಬಂದ ಹಾಗೆಯೇ ಮತ್ಸುರಾ ತೆಗೆದರು.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನು ಇಟ್ಟು ನೋಡಬೇಕು. ಆ ಕಾಲದಲ್ಲಿ ಸಿಯಾಟಲ್‌ನ ದೊಡ್ಡ ಹೆಸರೆಂದರೆ ಎಡ್ವರ್ಡ್ ಕರ್ಟಿಸ್. ಮೂಲನಿವಾಸಿಗಳ ಬದುಕನ್ನು ಚಿತ್ರಿಸಿ 20 ಸಂಪುಟಗಳನ್ನು ತಂದವರು. ಮೊದಲ ಸಂಪುಟ ಬಂದದ್ದು 1907ರಲ್ಲಿ, ಕೊನೆಯದು 1930ರಲ್ಲಿ. ಅವರ ಒಂದು ಪ್ರಸಿದ್ಧ ಚಿತ್ರದಲ್ಲಿ ಡೇರೆಯೊಳಗೆ ಇಬ್ಬರು ಗಂಡಸರು ಕುಳಿತಿದ್ದಾರೆ. ಮೂಲ ನೆಗೆಟಿವ್‌ನಲ್ಲಿ ಅವರಿಬ್ಬರ ನಡುವೆ ಒಂದು ಗಡಿಯಾರವಿತ್ತು. ಪುಸ್ತಕಕ್ಕೆ ಬರುವ ಹೊತ್ತಿಗೆ ಅದನ್ನು ಅಳಿಸಲಾಗಿತ್ತು. ಅಳಿದುಹೋಗುತ್ತಿರುವ ಜನಾಂಗ ಎಂದು ತೋರಿಸಹೊರಟವರಿಗೆ ಅವರ ಡೇರೆಯಲ್ಲಿ ಗಡಿಯಾರ ಇರುವುದು ಅಡ್ಡಿಯಾಯಿತು. ಕರ್ಟಿಸ್ ಅವರ ಕೈಚಳಕ ದೊಡ್ಡದು, ಅವರು ಪಟ್ಟ ಪಾಡೂ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ನನ್ನ ತೀರ್ಮಾನ ಖಚಿತವಾಗಿದೆ. ಆ ಮನೆಯಲ್ಲಿ ಆ ದಿನ ಆ ಹೊತ್ತು ಎಷ್ಟು ಗಂಟೆಯಾಗಿತ್ತು ಎಂದು ಹೇಳುತ್ತಿದ್ದ ವಸ್ತುವನ್ನೇ ತೆಗೆದುಹಾಕಿದರೆ ಉಳಿಯುವುದು ಕ್ಷಣವಲ್ಲ, ಚಿತ್ರಕಾರನ ಕಲ್ಪನೆ. ಮತ್ಸುರಾ ಗಡಿಯಾರವನ್ನು ಅಳಿಸುತ್ತಿರಲಿಲ್ಲ. ಯಾಕೆಂದರೆ ಅವರು ಅದೇ ಊರಿನಲ್ಲಿ ಇದ್ದವರು. ನಾಳೆ ಬೆಳಿಗ್ಗೆ ಅದೇ ಜನರ ಎದುರು ನಡೆದು ಹೋಗಬೇಕಾದವರು.

ಕ್ಷಯ ಮತ್ಸುರಾ ಅವರನ್ನು ಹಿಂಡುತ್ತಿತ್ತು. 1913ರ ಜೂನಿನಲ್ಲಿ ತೀರಿಕೊಂಡರು. ಆಗ ವಯಸ್ಸು 39. ಅಂತ್ಯಕ್ರಿಯೆಗೆ ನೂರಾರು ಜನ ಬಂದರು. ಬಿಳಿಯರೂ ಬಂದರು, ಮೂಲನಿವಾಸಿಗಳೂ ಬಂದರು. ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಹಾಗಾದರೆ ಆ ಫಲಕಗಳು ಹೇಗೆ ಉಳಿದವು? ವಿಲಿಯಂ ಕಾಂಪ್ಟನ್ ಬ್ರೌನ್ ಎಂಬ ಗೆಳೆಯರಿದ್ದರು, ನ್ಯಾಯಾಧೀಶರು. ಅವರು ಚಿತ್ರಗಳನ್ನು ದಶಕಗಟ್ಟಲೆ ಜೋಪಾನ ಮಾಡಿದರು. ಈಗ ಒಂದಷ್ಟು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿವೆ, ಒಂದಷ್ಟು ಒಕನಾಗನ್ ಕೌಂಟಿಯ ಇತಿಹಾಸ ಸಂಘದಲ್ಲಿವೆ. ನಮ್ಮೂರಿನಿಂದ ಒಕನಾಗನ್‌ಗೆ ಕಾರಿನಲ್ಲಿ ನಾಲ್ಕು ಗಂಟೆಯ ಹಾದಿ. ಘಟ್ಟ ಹತ್ತಿ ಇಳಿದರೆ ಕಾಡು ಕಳೆದು ಒಣನೆಲ, ಸೇಬಿನ ತೋಟ. ಚಿತ್ರದುರ್ಗದ ಕಡೆಯವರಿಗೆ ಆ ಗುಡ್ಡಗಳ ಬಣ್ಣ ಅಪರಿಚಿತವೆನಿಸದು.

ಮತ್ಸುರಾ ಸ್ಟುಡಿಯೋ ತೆರೆದ 1907ರಲ್ಲೇ ಇದೇ ರಾಜ್ಯದಲ್ಲಿ ಇನ್ನೊಂದು ಘಟನೆ ನಡೆಯಿತು. ಸೆಪ್ಟೆಂಬರ್ 4ರ ರಾತ್ರಿ ಬೆಲ್ಲಿಂಗ್‌ಹ್ಯಾಮ್ ಊರಿನ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಭಾರತೀಯರ ಬಿಡಾರಗಳ ಮೇಲೆ ನೂರಾರು ಜನ ಮುಗಿಬಿದ್ದರು. ಆ ಭಾರತೀಯರಲ್ಲಿ ಬಹುಪಾಲು ಪಂಜಾಬಿನ ಸಿಖ್ಖರು. ಕೆಲವೇ ದಿನಗಳಲ್ಲಿ ಅವರೆಲ್ಲ ಊರು ಬಿಟ್ಟರು. ಗಲಭೆಯ ಕಥೆ ಪುಸ್ತಕಗಳಲ್ಲಿದೆ. ಅದಕ್ಕೂ ಮುಂಚಿನ ದಿನಗಳಲ್ಲಿ ಅವರು ಮಿಲ್ಲಿನಿಂದ ಬಂದು ಹಿಟ್ಟು ನಾದುತ್ತಿದ್ದದ್ದು, ಭಾನುವಾರ ಪಗಡಿ ಒಗೆದು ಒಣಹಾಕುತ್ತಿದ್ದದ್ದು, ಊರಿಗೆ ಕಾಗದ ಬರೆಸುತ್ತಿದ್ದದ್ದು, ಇವುಗಳ ಚಿತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅವರ ನಡುವೆಯೂ ಒಬ್ಬ ಮತ್ಸುರಾ ಇದ್ದಿದ್ದರೆ ಎಂದು ಮನಸ್ಸು ಹಳಹಳಿಸುತ್ತದೆ.

ಮುಂದೆ 1924ರಲ್ಲಿ ಸಿಯಾಟಲ್‌ನ ಜಪಾನಿ ಕೇರಿಯಲ್ಲಿ ಫೋಟೋ ಹವ್ಯಾಸಿಗಳು ಸೇರಿ ಸಿಯಾಟಲ್ ಕ್ಯಾಮೆರಾ ಕ್ಲಬ್ ಕಟ್ಟಿದರು. ಮುಂದಾಳು ಕ್ಯೊ ಕೊಯಿಕೆ ಎಂಬ ವೈದ್ಯರು. ರೋಗಿಗಳನ್ನು ನೋಡಿ, ಬಿಡುವಾದಾಗ ಬೆಟ್ಟ ಹತ್ತಿ, ಮೋಡ, ಹಿಮ, ಮಂಜುಗಳನ್ನು ತೆಗೆಯುತ್ತಿದ್ದರು. ಇಂಗ್ಲಿಷ್ ಮತ್ತು ಜಪಾನಿ ಎರಡರಲ್ಲೂ ಒಂದು ಪತ್ರಿಕೆ ತರುತ್ತಿದ್ದರು. ಸದಸ್ಯರ ಚಿತ್ರಗಳು ದೇಶವಿದೇಶದ ಪ್ರದರ್ಶನಗಳಿಗೆ ಹೋದವು. 1929ರಲ್ಲಿ ಕ್ಲಬ್ ಮುಚ್ಚಿತು. ಆದರೂ ಕ್ಯಾಮೆರಾ ಅವರ ಕೈಯಲ್ಲೇ ಇತ್ತು, 1941ರ ಡಿಸೆಂಬರ್ 7ರ ತನಕ.

ಅಂದು ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿಯಾಯಿತು. ಜಪಾನಿನಿಂದ ವಲಸೆ ಬಂದವರು ಶಾರ್ಟ್‌ವೇವ್ ರೇಡಿಯೊ ಮತ್ತು ಕ್ಯಾಮೆರಾಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂದು ಆಜ್ಞೆಯಾಯಿತು. ಮಗುವಿನ ಹುಟ್ಟುಹಬ್ಬ ತೆಗೆಯುತ್ತಿದ್ದ ಡಬ್ಬಿ ಕ್ಯಾಮೆರಾ ಕೂಡ ಪೊಲೀಸ್ ಠಾಣೆ ಸೇರಿತು. ಕೆಲವೇ ತಿಂಗಳಲ್ಲಿ ಜನರೂ ಮನೆ ಬಿಟ್ಟು ಸರಕಾರದ ಬಂಧನ ಶಿಬಿರಗಳಿಗೆ ಹೋಗಬೇಕಾಯಿತು. ಮೊದಲ ಸರದಿ ಸಿಯಾಟಲ್ ಎದುರಿನ ಬೇನ್‌ಬ್ರಿಜ್ ದ್ವೀಪದ್ದು. ಸ್ಟ್ರಾಬೆರಿ ಬೆಳೆಯುವ ರೈತರ ದ್ವೀಪ ಅದು. ಆರು ದಿನದ ಗಡುವು. 1942ರ ಮಾರ್ಚ್ 30ರಂದು 227 ಮಂದಿ ಜಪಾನಿ ಮೂಲದವರು ಸೈನಿಕರ ಕಾವಲಿನಲ್ಲಿ ಈಗಲ್‌ಡೇಲ್ ಧಕ್ಕೆಗೆ ನಡೆದು ದೋಣಿ ಹತ್ತಿದರು. ಅವರ ಕೈಯಲ್ಲಿ ಕ್ಯಾಮೆರಾ ಇಲ್ಲ. ಆ ದಿನದ ಚಿತ್ರ ತೆಗೆದವರು ಪತ್ರಿಕೆಯವರು.

ಅವುಗಳಲ್ಲಿ ಒಂದನ್ನು ನೀವು ಮನಸ್ಸಿನಲ್ಲಿ ಕಾಣಬೇಕು. ಟೋಪಿ ಧರಿಸಿ, ಒಳ್ಳೆಯ ಕೋಟು ತೊಟ್ಟ ಒಬ್ಬ ತರುಣ ತಾಯಿ ನಿಂತಿದ್ದಾರೆ. ಹೆಗಲಿಗೆ ಒರಗಿ ನಿದ್ರೆಹೋದ ಮಗು. ತಾಯಿಯ ಕೋಟಿನಿಂದ ಒಂದು ಚೀಟಿ ನೇತಾಡುತ್ತಿದೆ, ಸಾಮಾನಿಗೆ ಕಟ್ಟುವಂಥ ಚೀಟಿ. ತಾಯಿಯ ಮುಖದಲ್ಲಿ ಅಳುವಿಲ್ಲ. ಎಲ್ಲಿಗೆ, ಎಷ್ಟು ದಿನಕ್ಕೆ ಎಂಬುದು ತಿಳಿಯದೆ ದೂರಕ್ಕೆ ನೆಟ್ಟ ನೋಟ. ಸಿಯಾಟಲ್‌ನ ಪೋಸ್ಟ್ ಇಂಟೆಲಿಜೆನ್ಸರ್ ಪತ್ರಿಕೆಯ ಈ ಚಿತ್ರ ಆ ಕಾಲದ ಅನ್ಯಾಯದ ಗುರುತಾಗಿ ಎಲ್ಲೆಡೆ ಅಚ್ಚಾಯಿತು, ಪ್ರದರ್ಶನಗಳಲ್ಲಿ ನೇತುಬಿತ್ತು. ಆದರೆ ದಶಕಗಳ ಕಾಲ ನೋಡಿದವರಿಗೆ ಆಕೆ ಹೆಸರಿಲ್ಲದ ಒಬ್ಬ ತಾಯಿ, ಅಷ್ಟೆ. ಆಕೆಗೆ ಹೆಸರಿತ್ತು. ಫುಮಿಕೊ ಹಯಾಶಿದಾ. ನಿದ್ರೆಹೋಗಿದ್ದ ಮಗಳು ನ್ಯಾಟಲಿ, 13 ತಿಂಗಳ ಕೂಸು. ಆಗ ತಾಯಿ ಮತ್ತೆ ಗರ್ಭಿಣಿ. ಹೆಸರು ಬಂದ ಮೇಲೆ ಆ ಚಿತ್ರವೇ ಬೇರೆಯಾಯಿತು. 2006ರಲ್ಲಿ, 95ರ ವಯಸ್ಸಿನಲ್ಲಿ, ಫುಮಿಕೊ ಅವರು ದೇಶದ ರಾಜಧಾನಿಗೆ ಹೋಗಿ ಧಕ್ಕೆಯ ಜಾಗದಲ್ಲಿ ಸ್ಮಾರಕ ಬೇಕೆಂದು ಸಂಸತ್ ಸಮಿತಿಯ ಮುಂದೆ ಸಾಕ್ಷಿ ನುಡಿದರು. 2014ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು. ಇಂದು ಆ ಧಕ್ಕೆಯ ಬಳಿ ಮರದ ಒಂದು ಉದ್ದ ಗೋಡೆಯಿದೆ. ಆ ಕಾಲಕ್ಕೆ ದ್ವೀಪದಲ್ಲಿದ್ದ 276 ಜಪಾನಿ ಮೂಲದವರ ಹೆಸರುಗಳು ಅದರ ಮೇಲಿವೆ. ನಾನು ಹೋದಾಗಲೆಲ್ಲ ಜನ ಅಲ್ಲಿ ಹೆಸರುಗಳನ್ನು ಬೆರಳಿನಿಂದ ಮುಟ್ಟಿ ಓದುವುದನ್ನು ಕಂಡಿದ್ದೇನೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಬೇನ್‌ಬ್ರಿಜ್ ರಿವ್ಯೂ ಎಂಬುದು ದ್ವೀಪದ ಪುಟ್ಟ ವಾರಪತ್ರಿಕೆ. ಅದರ ಸಂಪಾದಕ ದಂಪತಿಗಳು ವಾಲ್ಟ್ ಮತ್ತು ಮಿಲ್ಲಿ ವುಡ್‌ವರ್ಡ್. ನೆರೆಯವರನ್ನು ಹೀಗೆ ಹೊರಹಾಕುವುದು ತಪ್ಪೆಂದು ಅವರು ಬಹಿರಂಗವಾಗಿ ಬರೆದರು. ಆಮೇಲೆ ಶಿಬಿರದಲ್ಲಿದ್ದ ದ್ವೀಪದ ಹುಡುಗರನ್ನೇ ವರದಿಗಾರರನ್ನಾಗಿ ಮಾಡಿಕೊಂಡರು. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರಿಗೆ ಮದುವೆಯಾಯಿತು, ಬೇಸ್‌ಬಾಲ್‌ನಲ್ಲಿ ಯಾರು ಗೆದ್ದರು, ಇವೆಲ್ಲ ಪ್ರತಿವಾರ ಊರಿನ ಸುದ್ದಿಯಾಗಿಯೇ ಅಚ್ಚಾದವು. ದೊಡ್ಡ ಸಂಪಾದಕೀಯಗಳಿಗಿಂತ ಈ ಸಣ್ಣ ಸುದ್ದಿಗಳೇ ಹೆಚ್ಚು ಕೆಲಸ ಮಾಡಿದವೆಂದು ನನ್ನ ನಂಬಿಕೆ. ದೂರವಾದವರು ಊರಿನ ಲೆಕ್ಕದಿಂದ ಬಿಟ್ಟುಹೋಗಲಿಲ್ಲ.

ವೈದ್ಯ ಕೊಯಿಕೆಯವರೂ ಶಿಬಿರಕ್ಕೆ ಹೋಗಬೇಕಾಯಿತು. 1947ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಉಳಿಸಿದವರು ಗೆಳೆಯ ಇವಾವೊ ಮತ್ಸುಶಿತಾ. ಅವರೂ ಬಂಧನ ಅನುಭವಿಸಿ ಬಂದವರೇ. ಇಂದು ಆ ಚಿತ್ರಗಳು ವಾಷಿಂಗ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಗಮನಿಸಿ, ಮತ್ಸುರಾ ಅವರಿಗೊಬ್ಬ ಗೆಳೆಯ, ಕೊಯಿಕೆ ಅವರಿಗೊಬ್ಬ ಗೆಳೆಯ. ತೆಗೆದವರಷ್ಟೇ ದೊಡ್ಡವರು ಕಾಪಾಡಿದವರು.

ಇನ್ನು ನಮ್ಮವರ ಮಾತು. ಸಿಯಾಟಲ್ ಸುತ್ತಿನ ಸಮಾಮಿಶ್, ಇಸಕ್ವಾ, ರೆಡ್ಮಂಡ್, ಬಾತೆಲ್ ಊರುಗಳಲ್ಲಿ ಈಗ ಕನ್ನಡದ ಮನೆಗಳು ಬಹಳ. ಸಹ್ಯಾದ್ರಿ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ರಾಜ್ಯೋತ್ಸವ, ಯುಗಾದಿ, ಗಣೇಶನ ಹಬ್ಬದ ಫೋಟೋಗಳಿಗೆ ಬರವಿಲ್ಲ. ವೇದಿಕೆ, ಬಾವುಟ, ರೇಷ್ಮೆ ಸೀರೆ, ಸಾಲಾಗಿ ನಿಂತ ಮಕ್ಕಳು. ಅವೂ ಬೇಕು. ಆದರೆ ಮರುದಿನ ಸೋಮವಾರದ ಮನೆ ಯಾವ ಚಿತ್ರದಲ್ಲೂ ಇರುವುದಿಲ್ಲ. ಊರಿಂದ ಬಂದ ಅತ್ತೆ ಮಾವಿನೆಲೆ ಸಿಗದೆ ಬೇಲಿಯ ಲಾರೆಲ್ ಎಲೆ ಕಿತ್ತು ತೋರಣ ಪೋಣಿಸುವುದು. ಮಳೆ ತಾಗದಂತೆ ಗ್ಯಾರೇಜಿನ ಒಳಗೇ ಸೀಮೆಸುಣ್ಣದಲ್ಲಿ ರಂಗೋಲಿ ಇಡುವುದು. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡ ತಂದೆ ಡಿಸೆಂಬರಿನ ಸಂಜೆ ನಾಲ್ಕೂಕಾಲಿಗೇ ಮುಳುಗುವ ಸೂರ್ಯನನ್ನು ಕಿಟಕಿಯಿಂದ ನೋಡುತ್ತ, ಊರಲ್ಲಿ ಈಗೆಷ್ಟು ಗಂಟೆ ಎಂದು ಬೆರಳೆಣಿಸುವುದು. ಆರು ತಿಂಗಳಿದ್ದು ಅವರು ವಾಪಸು ಹೊರಟಮೇಲೆ ಮನೆಯಲ್ಲಿ ಇವುಗಳಲ್ಲಿ ಒಂದೂ ಉಳಿಯುವುದಿಲ್ಲ. ನನಗೆ ಬೇಕಾದ ಚಿತ್ರಗಳು ಇವು.

ಬೆಳಕಿನ ವಿಷಯಕ್ಕೆ ಬಂದರೆ ಸಿಯಾಟಲ್ ಸೀಮೆ ಮುಖಗಳಿಗೆ ಹೇಳಿ ಮಾಡಿಸಿದ್ದು. ನಮ್ಮ ಬಯಲುಸೀಮೆಯ ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ, ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ನಿಲ್ಲುತ್ತದೆ. ಸಿಯಾಟಲ್ ಸುತ್ತ ಅಕ್ಟೋಬರಿನಿಂದ ಮೋಡ ಇಡೀ ಆಕಾಶಕ್ಕೆ ಬಿಳಿಪಂಚೆ ಹೊದಿಸಿದ ಹಾಗೆ ಇರುತ್ತದೆ. ಬೆಳಕು ಎಲ್ಲ ಕಡೆಯಿಂದಲೂ ಮೆತ್ತಗೆ ಬರುತ್ತದೆ. ಸುಕ್ಕು ಕಾಣುತ್ತದೆ, ಕಟುವಾಗಿ ಅಲ್ಲ. ಕಣ್ಣೊಳಗಿನ ಹೊಳಪು ಕಾಣುತ್ತದೆ. ವಯಸ್ಸಾದವರ ಚಿತ್ರ ತೆಗೆಯಲು ಇಂಥ ದಿನಕ್ಕಿಂತ ಒಳ್ಳೆಯ ದಿನವಿಲ್ಲ. ಫ್ಲಾಶ್ ಬೇಡ, ಅವರನ್ನು ಕಿಟಕಿಯ ಬಳಿ ಕೂರಿಸಿದರೆ ಸಾಕು.

ಇಸಕ್ವಾ ಊರಿನ ನಡುವೆ ಒಂದು ಹಳ್ಳ ಹರಿಯುತ್ತದೆ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಸಾಲ್ಮನ್ ಮೀನುಗಳು ಸಮುದ್ರದಿಂದ ಪ್ರವಾಹಕ್ಕೆ ಎದುರಾಗಿ ಈಜಿ, ತಾವು ಹುಟ್ಟಿದ ನೀರಿಗೇ ಮರಳಿ, ಮೊಟ್ಟೆಯಿಟ್ಟು ಸಾಯುತ್ತವೆ. ಹಳ್ಳದ ಪಕ್ಕ 1930ರ ದಶಕದಲ್ಲಿ ಕಟ್ಟಿದ ಮೀನು ಮರಿಮಾಡುವ ಕೇಂದ್ರವಿದೆ, ಜನ ಸೇತುವೆಯ ಕಂಬಿಗೆ ಒರಗಿ ನೋಡುತ್ತ ನಿಲ್ಲುತ್ತಾರೆ. ಹಾಸನದ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದಿದ್ದರು. ಸೀರೆಯ ಮೇಲೆ ದಪ್ಪ ಜಾಕೆಟ್, ಕಾಲಿಗೆ ಮಗನ ಬೂಟು. ಮೀನುಗಳು ಕಲ್ಲಿಗೆ ಮೈ ಉಜ್ಜಿಕೊಂಡು, ಚರ್ಮ ಹರಿದು, ಆದರೂ ಮೇಲಕ್ಕೆ ಮೇಲಕ್ಕೆ ತಳ್ಳಿಕೊಳ್ಳುವುದನ್ನು ಬಹಳ ಹೊತ್ತು ನೋಡಿದರು. ಕೊನೆಗೆ, ಯಾರಿಗೂ ಅಲ್ಲ, ತಮ್ಮಷ್ಟಕ್ಕೇ ಹೇಳಿಕೊಂಡರು, "ಪಾಪ, ತೌರಿಗೆ ಬಂದವಲ್ಲ." ಹೇಳುವಾಗ ಸೆರಗಿನ ತುದಿ ಬಾಯಿಗೆ ಹೋಯಿತು. ನಾನು ಕ್ಯಾಮೆರಾ ಎತ್ತಿದ್ದು ಆಗ. ಆಮೇಲೆ ಹತ್ತಿರ ಹೋಗಿ, "ಅಮ್ಮಾ, ನಿಮ್ಮದೊಂದು ಫೋಟೋ ತೆಗೆದೆ, ನೋಡಿ. ಬೇಡ ಅಂದ್ರೆ ಅಳಿಸಿಬಿಡ್ತೀನಿ," ಎಂದೆ. ನೋಡಿದರು. "ಇರ್ಲಿ ಬಿಡು ಮಗಾ. ನಮ್ಮೂರಿಗೊಂದು ಕಳ್ಸು," ಎಂದರು. ಪ್ರಿಂಟ್ ಹಾಕಿಸಿ ಕಳಿಸಿದೆ.

ಕೇಳಿ ತೆಗೆದರೆ ಕ್ಷಣ ಹೋಗುತ್ತದೆ, ಕೇಳದೆ ತೆಗೆದರೆ ವಿಶ್ವಾಸ ಹೋಗುತ್ತದೆ ಎಂಬ ಸಂಕಟ ಕ್ಯಾಮೆರಾ ಹಿಡಿದ ಎಲ್ಲರಿಗೂ ಗೊತ್ತು. ಅಪರಿಚಿತರನ್ನು ತೆಗೆದ ಕೂಡಲೇ ತೋರಿಸಬೇಕು, ಬೇಡವೆಂದರೆ ಅವರ ಎದುರೇ ಅಳಿಸಬೇಕು. ಮಕ್ಕಳಾದರೆ ತಂದೆತಾಯಿಯನ್ನು ಕೇಳದೆ ಮುಟ್ಟಬಾರದು. ಇದ್ದೂರಿನಲ್ಲಾದರೆ ಇನ್ನೂ ಒಳ್ಳೆಯ ದಾರಿಯಿದೆ. ಅದೇ ಕ್ಷೌರದಂಗಡಿಗೆ, ಅದೇ ತರಕಾರಿ ಸಂತೆಗೆ ಮತ್ತೆ ಮತ್ತೆ ಹೋಗಬೇಕು. ಹಿಂದಿನ ಸಲ ತೆಗೆದದ್ದರ ಪ್ರಿಂಟ್ ಕೈಗಿಡಬೇಕು. ಅದು ಗೋಡೆಗೆ ಅಂಟಿತೆಂದರೆ ಆ ಅಂಗಡಿಯಲ್ಲಿ ನಿಮ್ಮ ಕ್ಯಾಮೆರಾ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಮತ್ಸುರಾ ಮಾಡಿದ್ದೂ ಅದನ್ನೇ.

ಈಗ ಹೆಸರಿನ ವಿಷಯ. ಮೊಬೈಲು ಪ್ರತಿ ಚಿತ್ರದ ಒಳಗೆ ದಿನಾಂಕ, ಸಮಯ, ಬಹುಪಾಲು ಸ್ಥಳವನ್ನೂ ತಾನೇ ಬರೆದಿಟ್ಟುಕೊಳ್ಳುತ್ತದೆ. ಚಿತ್ರದಲ್ಲಿರುವವರು ಯಾರು, ನಿಮಗೆ ಏನಾಗಬೇಕು ಎಂಬುದನ್ನು ನೀವೇ ಬರೆಯಬೇಕು. ಇನ್ನೂ ಒಂದು ಮಾತು. ಅಮೆರಿಕಕ್ಕೂ ಊರಿಗೂ ನಡುವೆ ನಮ್ಮ ಚಿತ್ರಗಳೆಲ್ಲ ಓಡಾಡುವುದು ವಾಟ್ಸಾಪ್‌ನಲ್ಲಿ. ಅದರಲ್ಲಿ ಫೋಟೋ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿದ್ದ ದಿನಾಂಕ ಸ್ಥಳಗಳೂ ಕಳಚಿಹೋಗುತ್ತವೆ. ಅದನ್ನೇ ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ತಲುಪುತ್ತದೆ. ಮುಖ್ಯವಾದ ಚಿತ್ರವನ್ನು ಪ್ರಿಂಟ್ ಹಾಕಿಸಿ. ಹಳೆಯ ಕಪ್ಪುಬಿಳುಪು ಚಿತ್ರಗಳ ಹಿಂದೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಬರೆಯಬಹುದು. ಈಗಿನ ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಪೆನ್ಸಿಲ್ ಹಿಡಿಯುವುದಿಲ್ಲ, ಅಳಿಯದ ಶಾಯಿಯ ಪೆನ್ನು ಬೇಕು. ಬಾಲ್ ಪೆನ್ ಬೇಡ, ಒತ್ತಿದ ಗೆರೆ ಮುಂಭಾಗಕ್ಕೆ ಮೂಡುತ್ತದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಬಂದ ಅಂಟುಹಾಳೆಯ ಆಲ್ಬಂಗಳು ನಿಮ್ಮ ಮನೆಯಲ್ಲಿದ್ದರೆ ಚಿತ್ರಗಳನ್ನು ಎಚ್ಚರದಿಂದ ಬಿಡಿಸಿ ಬೇರೆ ಕಡೆ ಇಡಿ. ಆ ಅಂಟು ಚಿತ್ರವನ್ನು ತಿನ್ನುತ್ತದೆ.

ದಿನನಿತ್ಯದ ಬದುಕನ್ನು ತೆಗೆಯುವ ವಿದ್ಯೆಯಲ್ಲಿ ಕನ್ನಡಿಗರಿಗೆ ಒಬ್ಬ ಗುರುವಿದ್ದರು. ಮೈಸೂರಿನ ಟಿ. ಎಸ್. ಸತ್ಯನ್. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು. ಡೆಕ್ಕನ್ ಹೆರಾಲ್ಡ್‌ನಲ್ಲಿ ಕೆಲಸ ಮಾಡಿ, ಮುಂದೆ ಲೈಫ್‌ನಂಥ ಪತ್ರಿಕೆಗಳಿಗೂ ಚಿತ್ರ ಕೊಟ್ಟವರು. ನಾಯಕರನ್ನೂ ತೆಗೆದರು, ಯುದ್ಧವನ್ನೂ ತೆಗೆದರು. ಆದರೂ ಅವರ ಹೆಸರು ಹೇಳಿದೊಡನೆ ನನ್ನ ಕಣ್ಣ ಮುಂದೆ ಬರುವುದು ಮಕ್ಕಳು, ಬೀದಿ, ಕೆಲಸದಲ್ಲಿ ಮೈಮರೆತ ಸಾಮಾನ್ಯರು. ಅವರ ಆತ್ಮಕಥೆಯ ಹೆಸರು 'ಕಾಲಕ್ಕೆ ಕನ್ನಡಿ'. ಕ್ಯಾಮೆರಾ ಹಿಡಿಯುವ ಪ್ರತಿ ಕನ್ನಡಿಗರೂ ಓದಬೇಕಾದ ಪುಸ್ತಕ ಅದು.

ಸತ್ಯನ್ ಅವರಷ್ಟು ಹೆಸರು ಮಾಡದ ನೂರಾರು ಜನ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ, ಹೋಬಳಿ ಊರುಗಳಲ್ಲಿ ಸ್ಟುಡಿಯೋ ಇಟ್ಟಿದ್ದರು. ಬಣ್ಣ ಬಳಿದ ಪರದೆ, ಮರದ ಕುರ್ಚಿ, ಗೋಡೆಗೊಂದು ಕನ್ನಡಿ, ಹಣಿಗೆ. ಶಾಲೆಯ ಗ್ರೂಪ್ ಫೋಟೋ, ಹೆಣ್ಣು ತೋರಿಸಲು ಕಳಿಸುವ ಫೋಟೋ, ಜಾತ್ರೆಯ ತೇರು, ಕೆರೆ ಕೋಡಿ ಬಿದ್ದ ದಿನ, ಬರಗಾಲದ ಗಂಜಿಕೇಂದ್ರ, ಎಲ್ಲ ಅವರೇ ತೆಗೆದರು. ಇಡೀ ಊರಿನ ಚರಿತ್ರೆ ಅವರ ನೆಗೆಟಿವ್ ಪೆಟ್ಟಿಗೆಗಳಲ್ಲಿದೆ. ಈಗ ಆ ಸ್ಟುಡಿಯೋಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಮಕ್ಕಳು ಬೇರೆ ಊರಿನಲ್ಲಿದ್ದಾರೆ, ಪೆಟ್ಟಿಗೆಗಳು ಗುಜರಿಗೆ ಹೋಗುತ್ತಿವೆ. ಒಕನಾಗನ್‌ನಂಥ ಚಿಕ್ಕ ಊರಿಗೆ ತನ್ನ ಫೋಟೋಗ್ರಾಫರನ್ನು ನೂರು ವರ್ಷ ಕಾಪಾಡಲು ಆಯಿತು. ಅದು ಶ್ರೀಮಂತ ದೇಶವೆಂಬ ಕಾರಣಕ್ಕಷ್ಟೇ ಅಲ್ಲ. ಮೊದಲು ಉಳಿಸಿದ್ದು ಒಬ್ಬ ಗೆಳೆಯನ ಮನೆ. ನಮ್ಮ ಊರುಗಳಲ್ಲೂ ಹೈಸ್ಕೂಲಿದೆ, ಗ್ರಂಥಾಲಯವಿದೆ, ಇತಿಹಾಸ ಕಲಿಸುವ ಮೇಷ್ಟ್ರಿದ್ದಾರೆ, ಮೊಬೈಲಿನಲ್ಲೇ ಸ್ಕ್ಯಾನ್ ಮಾಡಬಲ್ಲ ಹುಡುಗ ಹುಡುಗಿಯರಿದ್ದಾರೆ.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಊರಿನಲ್ಲಿ ಹಳೆಯ ಸ್ಟುಡಿಯೋ ಇನ್ನೂ ಇದ್ದರೆ ಈ ವಾರವೇ ಹೋಗಿ ಆ ಯಜಮಾನರನ್ನು ಮಾತಾಡಿಸಿ. ನೆಗೆಟಿವ್‌ಗಳು ಎಲ್ಲಿವೆ ಎಂದು ಕೇಳಿ. ಅವರು ಒಪ್ಪಿದರೆ ಪೆಟ್ಟಿಗೆಗಳನ್ನು ನೆಂದುಹೋಗದ, ಬಿಸಿಲು ಬೀಳದ ಕಡೆ ಇಡಿಸಿ. ಮನೆಯಲ್ಲಿರುವ ಹಳೆಯ ಫೋಟೋಗಳನ್ನು ಹೊರತೆಗೆದು, ಗುರುತು ಹಿಡಿಯಬಲ್ಲ ಅಜ್ಜ ಅಜ್ಜಿಯರ ಮುಂದೆ ಹರಡಿ. ಅವರು ಹೇಳಿದ ಹೆಸರು, ಊರು, ಇಸವಿಗಳನ್ನು ಹಿಂಬದಿಯಲ್ಲಿ ಬರೆದಿಡಿ. ಅವರಿಗೆ ನೆನಪಿರುವಾಗಲೇ ಬರೆದಿಡಿ.